ಬಟ್ಟೆ ಗಿಡ

ಹೋದ ವಾರ ನಾಗರಕಲ್ಲಿಗೆ ಹಾಲೆರೆದು ವಾಪಸ್ ಬರ್ತಾ ನಮ್ಮನೆ ಮುಂದೆ ನಿಂತಿರಲ್ಲ, ಅತ್ತಿಗೆ, ಓರಗಿತ್ತಿ, ಎದುರುಮನೆ ಅಕ್ಕ, ಎಲ್ಲರೂ ಕೇಳಿದ್ದು ಒಂದೇ ಮಾತು. "ಆ ಸಿಮೆಂಟ್ ತೊಟ್ಟೀಲಿ ಬೀಸಣಿಗೆ ಬಿಚ್ಚಿದಂಗೆ ಎಲೆ ಬಿಟ್ಟೈತಲ್ಲ, ಅದೇನು ಗಿಡ?" ನಾನು ಬಾಯಿ ತೆರೆಯೋದ್ರೊಳಗೆ ಅಮ್ಮ ಒಳಗಿಂದಲೇ "ಅದು ಬಟ್ಟೆ ಗಿಡ" ಅಂದ್ಬಿಟ್ಲು. ನೀವೆಲ್ಲ ನಕ್ಕು ಹೋದ್ರಿ. ಆ ಹೆಸರಿನ ಹಿಂದೆ ಉದ್ದನೆ ಕಥೆ ಇದೆ. ನಿಂತ ಕಾಲಲ್ಲಿ ಹೇಳೋಕಾಗಲ್ಲ ಅಂತ ಇಲ್ಲಿ ಬರೀತಿದೀನಿ.

ಆರು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಅಮೆರಿಕದ ಆರೆಗಾನ್‌ಗೆ ಹೋಗಿದ್ನಲ್ಲ, ಆಗಲಿಂದ ಶುರು. ಮಗು ಹುಟ್ಟಿ ಮೂರು ತಿಂಗಳಾದ ಮೇಲೆ, ಮೇ ತಿಂಗಳಲ್ಲಿ, "ಅಮ್ಮ, ಮನೇಲಿ ಕೂತು ಕೂತು ಸಾಕಾಗಿರ್ತದೆ, ಹೂವಿನ ಹೊಲ ನೋಡ್ಕೊಂಡು ಬರೋಣ" ಅಂತ ಮಗಳು ಸೇಲಂ ಅನ್ನೋ ಊರಿಗೆ ಕರ್ಕೊಂಡು ಹೋದ್ಲು. ನಮ್ಮ ತಮಿಳುನಾಡಿನ ಸೇಲಂ ಅಲ್ಲ, ಆರೆಗಾನ್‌ನಲ್ಲೂ ಒಂದು ಸೇಲಂ ಇದೆ. ಅಲ್ಲಿ ಶ್ರೈನರ್ ಅನ್ನೋ ಮನೆತನದವರ ಐರಿಸ್ ತೋಟ ಇದೆ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲ, ಗುಲಾಬಿ ಹೊಲ ನೋಡ್ಕೊಂಡೇ ಬೆಳೆದೋಳು ನಾನು, ಹೂವಿನ ಹೊಲ ಅಂದ್ರೆ ನನಗೇನು ಹೊಸದಾ ಅಂದ್ಕೊಂಡೆ. ಹೋಗಿ ನೋಡಿದ್ರೆ ಸೊಂಟದೆತ್ತರ ದಂಟು, ದಂಟಿನ ತುದೀಲಿ ಅಂಗೈಯಗಲದ ಹೂವು, ಸಾಲು ಸಾಲು, ಕಾಮನಬಿಲ್ಲನ್ನ ಬಿಚ್ಚಿ ಒಣಗಹಾಕಿದಂಗೆ. ಐರಿಸ್ ಅಂದ್ರೇ ಗ್ರೀಕರ ಕಾಮನಬಿಲ್ಲಿನ ದೇವತೆ ಹೆಸರಂತೆ.

ಹಳದಿ, ಗುಲಾಬಿ, ಆಕಾಶ ಬಣ್ಣ ಎಲ್ಲ ದಾಟಿ ಮುಂದೆ ಹೋದೆ. ಒಂದು ಸಾಲಿನ ಮುಂದೆ ಕಾಲು ನಿಂತ್ಬಿಡ್ತು. ಕಪ್ಪು. ಮಸಿ ಕಪ್ಪಲ್ಲ, ಮಖಮಲ್ಲಿನ ಕಪ್ಪು. ಮೂರು ಎಸಳು ಮೇಲಕ್ಕೆ ಎದ್ದು ಬಾಗಿಕೊಂಡಿವೆ, ಮೂರು ಕೆಳಕ್ಕೆ ಇಳಿಬಿದ್ದಿವೆ. ಇಳಿಬಿದ್ದ ಎಸಳಿನ ಬುಡದಲ್ಲಿ ಕಂಬಳಿಹುಳ ಮಲಗಿದಂಗೆ ಒಂದು ಕೂದಲಿನ ಸಾಲು. ಅದಕ್ಕೇ ಇದಕ್ಕೆ ಗಡ್ಡದ ಐರಿಸ್ ಅಂತಾರೆ. ಹೂವಿಗೂ ಗಡ್ಡ ಬರ್ತದೆ ಅಂತ ಗೊತ್ತಾಗಿದ್ದು ನನಗೆ ಅವತ್ತೇ. ಚೀಟಿ ಓದಿ ಮಗಳು ಹೇಳಿದ್ಲು, ಹೆಸರು 'ಹಲೋ ಡಾರ್ಕ್‌ನೆಸ್', ಇದೇ ತೋಟದವರು 1992ರಲ್ಲಿ ಹೊರತಂದ ತಳಿ ಅಂತ. ಬಗ್ಗಿ ಮೂಸಿದೆ. ನಂಬ್ತೀರೋ ಇಲ್ವೋ, ನಮ್ಮ ಬೆಂಗಳೂರ್ ಬ್ಲೂ ದ್ರಾಕ್ಷಿ ಬುಟ್ಟಿ ತೆಗೆದಾಗ ಬರೋ ವಾಸನೆ ಬಂತು. ಸೆರಗನ್ನ ಎಸಳಿನ ಹಿಂದೆ ಹಿಡಿದು ಬಿಸಿಲಿಗೆ ನೋಡಿದ್ರೆ ಕಪ್ಪು ಹೋಗಿ ನೇರಳೆ ಬಣ್ಣ ಕಾಣಿಸ್ತು.

ಹೂವಲ್ಲಿ ನಿಜವಾದ ಕಪ್ಪು ಬಣ್ಣ ಅನ್ನೋದೇ ಇಲ್ಲವಂತೆ. ಡೆಲ್ಫಿನಿಡಿನ್ ಅನ್ನೋ ಜಾತಿ ನೇರಳೆ ಬಣ್ಣ ಪದರದ ಮೇಲೆ ಪದರ ಕಟ್ಟಿ ಅಷ್ಟು ದಟ್ಟ ಆಗ್ತದೆ. ಬದನೆಕಾಯಿ ಸಿಪ್ಪೆಗೆ, ನಮ್ಮ ಬೇಲಿ ಮೇಲಿನ ಶಂಖಪುಷ್ಪಕ್ಕೆ ಬಣ್ಣ ಕೊಡೋದೂ ಅದೇ ಬಳಗ. ಬಾಡಿದ ಹೂವನ್ನ ಕೈಯಲ್ಲಿ ಹಿಡಿದೆ, ಶಾಯಿ ಥರ ನೇರಳೆ ನೀರು ತೊಟ್ಟಿಕ್ಕಿ ಸೀರೆ ಮೇಲೆ ಬಿತ್ತು. ಆ ಕಲೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಈ ಕಪ್ಪು ಹೂವು ಕಾಡಲ್ಲಿ ತಾನಾಗೇ ಹುಟ್ಟಿದ್ದಲ್ಲ. ಮನುಷ್ಯರು ಕೂತು ಮಾಡಿದ್ದು. ಜೋರ್ಡಾನ್ ದೇಶದಲ್ಲಿ ಕಾಡು ಕಪ್ಪು ಐರಿಸ್ ಇದೆ ನಿಜ, ಅದೇ ಅವರ ರಾಷ್ಟ್ರೀಯ ಹೂವು. ಆದರೆ ಅದು ಬೇರೆ ಪಂಗಡ, ತೋಟದ ಮಾತು ಕೇಳೋ ಗಿಡ ಅಲ್ಲ. ತೋಟದ ಎತ್ತರದ ಐರಿಸ್‌ಗೆ ಮೊದಲ ತಾಯಿಬೇರು ಯೂರೋಪಿನ ಎರಡು ಕಾಡು ಗಿಡಗಳು, ಒಂದು ತಿಳಿ ನೇರಳೆ, ಇನ್ನೊಂದು ಹಳದಿ ಮೇಲೆ ಕಂದು ಗೆರೆ. ನೂರಾರು ವರ್ಷ ಅವೆರಡರ ಮಕ್ಕಳನ್ನೇ ತೋಟಗಳಲ್ಲಿ ಬೆಳೆಸ್ತಿದ್ರು. ಚೆಂದ ಇದ್ವು, ಆದರೆ ಹೂವು ಸಣ್ಣದು, ಬಣ್ಣ ತೆಳುವು.

ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮೈಕೇಲ್ ಫಾಸ್ಟರ್ ಅನ್ನೋ ಒಬ್ಬ ಮೇಷ್ಟ್ರು ಬಂದ. ಪಾಠ ಹೇಳ್ತಿದ್ದದ್ದು ದೇಹಶಾಸ್ತ್ರ, ಹುಚ್ಚು ಮಾತ್ರ ಐರಿಸ್‌ದು. ಟರ್ಕಿ ಕಡೆ ಕೆಲಸ ಮಾಡೋ ಮಿಷನರಿಗಳಿಗೆ ಕಾಗದ ಬರೆದು ಗೆಡ್ಡೆ ತರಿಸ್ಕೊಳ್ತಿದ್ದ. ಅಮಾಸ್ಯಾ ಅನ್ನೋ ಊರಿನ ಕಡೆಯಿಂದ ಬಂದ ಒಂದು ಗಿಡಕ್ಕೆ 'ಅಮಾಸ್' ಅಂತಲೇ ಹೆಸರಾಯ್ತು. ನನಗೆ ಅದನ್ನ ಓದಿದಾಗೆಲ್ಲ ಅಮಾಸೆ ನೆನಪಾಗ್ತದೆ. ಕಪ್ಪು ಹೂವಿನ ಪೂರ್ವಜನಿಗೆ ಎಂಥ ಹೆಸರು ನೋಡಿ! ಈ ಪೂರ್ವದೇಶದ ಗಿಡಗಳು ದಪ್ಪ ದಂಟಿನವು, ದೊಡ್ಡ ಹೂವಿನವು. ಕಾರಣ ಆಮೇಲೆ ಗೊತ್ತಾಯ್ತು. ಹಳೇ ಗಿಡಗಳಲ್ಲಿ ವರ್ಣತಂತು 24, ಇವುಗಳಲ್ಲಿ ಅದರ ಎರಡರಷ್ಟು, 48.

ಫಾಸ್ಟರ್ 1907ರಲ್ಲಿ ತೀರಿಕೊಂಡ. ಡೆವನ್ ಸೀಮೆಯಲ್ಲಿ ಆರ್ಥರ್ ಬ್ಲಿಸ್ ಅನ್ನೋನು ಅದೇ ದಾರಿ ಹಿಡಿದ. ದಕ್ಷಿಣ ಆಫ್ರಿಕದಲ್ಲಿ ಗಣಿ ಎಂಜಿನಿಯರ್ ಆಗಿ ದುಡಿದು ಊರಿಗೆ ಬಂದು ಹೂವಿಗೆ ಕೈಹಾಕಿದೋನು. ಅವನು ಅಮಾಸಿನ ಪರಾಗ ಕೊಟ್ಟು ಬೆಳೆಸಿದ ಸಸಿಗಳಲ್ಲಿ ಒಂದು ಕತ್ತಲ ಬಣ್ಣದ್ದು ಹುಟ್ಟಿತು. ಇಳಿಬಿದ್ದ ಎಸಳು ಮಖಮಲ್ಲಿನಂಗೆ ದಟ್ಟ ನೇರಳೆ. 'ಡೊಮಿನಿಯನ್' ಅಂತ ಹೆಸರಿಟ್ಟು 1917ರಲ್ಲಿ ಮಾರಾಟಕ್ಕೆ ಬಿಟ್ರು. ಅಲ್ಲಿಂದ ಮುಂದೆ ಬಂದ ಕತ್ತಲ ಐರಿಸ್‌ಗಳಲ್ಲಿ ಬಹಳಷ್ಟಕ್ಕೆ ಇದೇ ಮುತ್ತಜ್ಜಿ.

ಪರಾಗ ಕೊಡೋದು ಅಂದ್ರೆ ಏನು ಅಂತ ನಿಮಗೆ ವಿವರಿಸೋದೇ ಬೇಡ. ಕುಂಬಳ ಬಳ್ಳೀಲಿ ಕಾಯಿ ಕಟ್ಟದಿದ್ರೆ ಬೆಳಗ್ಗೆ ಎದ್ದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸ್ತೀವಲ್ಲ, ಅದೇ ಕೆಲಸ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹಾಕೋರ ಮನೇಲಂತೂ ಇನ್ನೂ ಸಲೀಸಾಗಿ ಅರ್ಥ ಆಗ್ತದೆ. ಮೈಸೂರು ತಳಿ ಹೆಣ್ಣು ಚಿಟ್ಟೆಗೆ ಬೈವೋಲ್ಟೀನ್ ಗಂಡು ಚಿಟ್ಟೆ ಕೂಡಿಸಿ ಸಿ.ಬಿ. ಗೂಡು ತೆಗೀತೀವಿ. ತಾಯಿಯ ಗಟ್ಟಿತನ ಒಂದು ಕಡೆ, ಅಪ್ಪನ ನೂಲಿನ ಉದ್ದ ಇನ್ನೊಂದು ಕಡೆ. ರೇಷ್ಮೆಗೆ ಒಂದೂವರೆ ತಿಂಗಳಲ್ಲಿ ಫಲ ಗೊತ್ತಾಗ್ತದೆ. ಐರಿಸ್‌ಗೆ ಬೀಜ ಹಾಕಿ ಹೂ ನೋಡೋಕೆ ಎರಡು ಮೂರು ವರ್ಷ ಕಾಯ್ಬೇಕು. ಸಾವಿರ ಸಸಿ ಹಾಕಿದ್ರೆ ಇಟ್ಕೊಳ್ಳೋದು ಒಂದೋ ಎರಡೋ, ಮಿಕ್ಕಿದ್ದು ತಿಪ್ಪೆಗೆ. ಇದನ್ನ ಓದಿದ ಮೇಲೆ ಆ ಹೂವಿನ ಬೆಲೆ ಯಾಕೆ ಹಾಗೆ ಅಂತ ನಾನು ಗೊಣಗೋದು ಬಿಟ್ಟೆ.

ಇದು ಬರೀ ಗಂಡಸರ ಕಥೆ ಅಂದ್ಕೋಬೇಡಿ. ಅಮೆರಿಕದಲ್ಲಿ ಗ್ರೇಸ್ ಸ್ಟರ್ಟೆವಂಟ್ ಅನ್ನೋ ಹೆಂಗಸು ಇದ್ಲು. ಅವಳ ಅಪ್ಪ ಕೃಷಿ ವಿಜ್ಞಾನಿ, ಅಪ್ಪನ ಬರಹಗಳಿಗೆ ಈಕೆ ಚಿತ್ರ ಬರೆದುಕೊಡ್ತಿದ್ಲು. ಚಿತ್ರ ಬರೆದ ಕಣ್ಣಿಗೆ ಬಣ್ಣದ ಸೂಕ್ಷ್ಮ ಗೊತ್ತಾಗದೆ ಇರ್ತದಾ? ಮ್ಯಾಸಚೂಸೆಟ್ಸ್‌ನ ತನ್ನ ತೋಟದಲ್ಲಿ ತಾನೇ ಪರಾಗ ಮುಟ್ಟಿಸಿ ಹೊಸ ಹೊಸ ಐರಿಸ್ ತೆಗೆದ್ಲು. 1920ರಲ್ಲಿ ಅಮೆರಿಕದ ಐರಿಸ್ ಸಂಘ ಹುಟ್ಟಿದಾಗ ಅದರಲ್ಲಿ ಅವಳೂ ಇದ್ಲು. ನಾನು ನೋಡಿದ ಶ್ರೈನರ್ ತೋಟದ್ದೂ ಮನೆಮಕ್ಕಳ ಕಥೆನೇ. ಅಪ್ಪ 1925ರಲ್ಲಿ ಮಿನೆಸೋಟದಲ್ಲಿ ಶುರು ಮಾಡಿದ. ಅವನು ಹೋದ ಮೇಲೆ ಇಬ್ಬರು ಗಂಡುಮಕ್ಕಳೂ ಒಬ್ಬ ಹೆಣ್ಣುಮಗಳೂ ಸೇರಿ ನಡೆಸಿದ್ರು, ಹವಾ ಚೆನ್ನಾಗಿದೆ ಅಂತ 1940ರ ದಶಕದಲ್ಲಿ ಆರೆಗಾನ್‌ಗೆ ಬಂದ್ರು.

ಡೊಮಿನಿಯನ್ ಆದ ಮೇಲೆ ಇನ್ನೂ ಕಪ್ಪು, ಇನ್ನೂ ಕಪ್ಪು ಅಂತ ಜಿದ್ದಿಗೆ ಬಿದ್ರು. ಇಂಡಿಯಾನ ರಾಜ್ಯದ ಪಾಲ್ ಕುಕ್ ಅನ್ನೋನು 'ಸೇಬಲ್' ಅನ್ನೋದನ್ನ ತಂದ. ಅದರ ವರ್ಷ ಓದ್ದಾಗ ನಾನು ಕನ್ನಡಕ ತೆಗೆದು ಒರೆಸಿ ಇನ್ನೊಂದ್ಸಲ ನೋಡ್ದೆ. 1938.

ನಮ್ಮೂರಲ್ಲಿ ಆ ವರ್ಷ ಅಂದ್ರೆ ಬೇರೇನೂ ಹೇಳ್ಬೇಕಾಗಿಲ್ಲ. ಆದ್ರೂ ಹೊರಗಿನಿಂದ ಸೊಸೆಯರಾಗಿ ಬಂದೋರು ಇದೀರಿ, ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಆಗ ಮೈಸೂರು ಸಂಸ್ಥಾನ. ಕಾಂಗ್ರೆಸ್ಸಿನ ಬಾವುಟ ಹಾರಿಸೋ ಹಾಗಿರಲಿಲ್ಲ. ಏಪ್ರಿಲ್‌ನಲ್ಲಿ ಮದ್ದೂರಿನ ಹತ್ರ ಶಿವಪುರದಲ್ಲಿ ಹಾರಿಸಿದ್ರು. ಅದೇ ತಿಂಗಳು 25ನೇ ತಾರೀಕು ನಮ್ಮ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಜನ ಸೇರಿದ್ರು, ಪೋಲೀಸರು ಗುಂಡು ಹಾರಿಸಿದ್ರು. ಸರ್ಕಾರ ಒಪ್ಪಿಕೊಂಡ ಲೆಕ್ಕ ಕಡಿಮೆ, ಊರಿನ ಲೆಕ್ಕ 32. ಆಮೇಲೆ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯ್ತು. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಎಲ್ಲರೂ ಹೇಳ್ತಾರೆ. ವೀರಸೌಧದಲ್ಲಿ ಚಿತ್ರ ಸಮೇತ ಇದೆ, ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಿ.

ಪುಸ್ತಕದಲ್ಲಿ ಇಲ್ಲದ್ದು ಇಷ್ಟು. ನಮ್ಮ ಅಜ್ಜಿನ ನಾವು ಅವ್ವ ಅಂತಿದ್ವಿ. ಆ ವರ್ಷ ಅವ್ವ ಹೊಸ ಸೊಸೆ. ಅವ್ವ ಯಾವತ್ತೂ ಬಾವುಟ ಅನ್ನೋ ಮಾತು ಆಡಿದ್ದನ್ನ ನಾನು ಕೇಳಿಲ್ಲ. ಆಗಸ್ಟ್ ಹದಿನೈದಕ್ಕೆ ನಾವು ಶಾಲೆಯಿಂದ ಕಾಗದದ ಬಾವುಟ ತಂದ್ರೆ "ಆ ಬಟ್ಟೆನ ಒಳಗೆ ಇಡು" ಅಂತಿದ್ಲು. ಕಾಗದವಾದ್ರೂ ಅವಳಿಗೆ ಅದು ಬಟ್ಟೆನೇ. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆಗಿತ್ತು, ಯಾರು ಕೇಳಿಸ್ಕೊಂಡ್ರೂ ಏನೂ ಆಗ್ತಿರಲಿಲ್ಲ, ಆದ್ರೂ ದನಿ ತಗ್ಗಿಸಿ ಹೇಳ್ತಿದ್ಲು. ಗುಂಡಿನ ದಿನದ ಬಗ್ಗೆ ನಾವು ಕೇಳಿದ್ರೆ ಅಕ್ಕಿ ಆರಿಸೋ ಮೊರ ತಗೊಂಡು ಹಿತ್ತಲಿಗೆ ಹೋಗ್ಬಿಡೋಳು. ಅಮ್ಮ ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ, ಏನೂ ನೋಡಿದೋಳಲ್ಲ. ಆದ್ರೆ ತಾಯಿ ಆಡಿದ ಮಾತೇ ಮಗಳ ಬಾಯಲ್ಲಿ ಉಳೀತು, ಅವಳೂ ಬಟ್ಟೆ ಅಂತಲೇ ಅನ್ನೋದು.

ಆರೆಗಾನ್‌ನಲ್ಲಿ ಆ ಹೊಲದಿಂದ ಒಂದು ಗೆಡ್ಡೆ ಸೀರೆ ಮಡಿಕೇಲಿ ಇಟ್ಕೊಂಡು ಬಂದ್ಬಿಡೋಣ ಅಂತ ನನಗೆ ಆಸೆ ಇತ್ತು. ಮಗಳು ಬೈದ್ಲು. ಗಿಡ ತರೋಕೆ ಪರವಾನಗಿ ಬೇಕು, ಅಲ್ಲಿಂದ ರೋಗ ಇಲ್ಲ ಅಂತ ಪತ್ರ ಬೇಕು, ಇಲ್ಲದಿದ್ರೆ ಏರ್‌ಪೋರ್ಟಲ್ಲಿ ಕಿತ್ತು ಬಿಸಾಕ್ತಾರೆ ಅಂತ. ಸರಿ, ಬರಿಗೈಲಿ ಬಂದೆ. ಆಸೆ ಮಾತ್ರ ಬಿಡಲಿಲ್ಲ. ಮರುವರ್ಷ ಉತ್ತರದ ಬೆಟ್ಟದ ಸೀಮೆಯ ಒಂದು ನರ್ಸರಿಯೋರು ಕಪ್ಪು ಐರಿಸ್ ಗೆಡ್ಡೆ ಮಾರ್ತೀವಿ ಅಂತ ಹಾಕಿದ್ದು ಫೋನಲ್ಲಿ ಕಂಡಿತು. ನಾಲ್ಕು ಗೆಡ್ಡೆ ತರಿಸಿದೆ. ನೋಡೋಕೆ ಒಣ ಶುಂಠಿ ಥರ. ಜೊತೆಗೆ ಪ್ಲಾಸ್ಟಿಕ್ ಚೀಟಿ, ಅದರ ಮೇಲೆ 'ಬ್ಲ್ಯಾಕ್ ಬಿಯರ್ಡೆಡ್ ಫ್ಲಾಗ್' ಅಂತ.

ಮೊಮ್ಮಗ ಜೋರಾಗಿ ಓದಿದ, "ಅಜ್ಜಿ, ಫ್ಲಾಗ್ ಅಂತೆ!" ಅಮ್ಮ ಹೂಬತ್ತಿ ಹೊಸೀತಾ ಕೂತಿದ್ದೋಳು ತಲೆ ಎತ್ತಿ, "ಫ್ಲಾಗ್ ಅಂದ್ರೆ? ಬಟ್ಟೆನಾ? ಕರಿ ಬಟ್ಟೆ ಗಿಡನಾ?" ಅಂದ್ಲು. ಅವತ್ತಿಗೆ ನಾಮಕರಣ ಆಯ್ತು.

ಇಂಗ್ಲಿಷಿನಲ್ಲಿ ನೀರಂಚಲ್ಲಿ ಜೊಂಡಿನಂಗೆ ಉದ್ದ ಎಲೆ ಬಿಡೋ ಗಿಡಗಳಿಗೆ ಫ್ಲಾಗ್ ಅನ್ನೋದು ಹಳೇ ಹೆಸರು, ಐರಿಸ್‌ಗೂ ಅದೇ ಅಂಟಿಕೊಂಡಿತು. ನಾವು ಹಸುಗೂಸಿಗೆ ತೇಯ್ದು ನೆಕ್ಕಿಸೋ ಬಜೆ ಇದೆಯಲ್ಲ, ಪಕ್ಕದ ಕೊರಟಗೆರೆ ಕಡೆ ಗದ್ದೇಲಿ ಬೆಳೀತಾರಲ್ಲ, ಅದಕ್ಕೂ ಅವರು ಸ್ವೀಟ್ ಫ್ಲಾಗ್ ಅಂತಾರೆ. ಎಲೆ ನೋಡಿದ್ರೆ ಐರಿಸ್ ಅನ್ಬೇಕು, ಆದರೆ ಸಂಬಂಧ ಇಲ್ಲ. ಇಷ್ಟು ಸಾಲದು ಅಂತ ಐರಿಸ್ ಹೂವಲ್ಲಿ ಮೇಲಕ್ಕೆ ಎದ್ದ ಮೂರು ಎಸಳಿಗೆ ಸ್ಟ್ಯಾಂಡರ್ಡ್ ಅಂತ ಹೆಸರು. ಅದೂ ಹಳೇ ಕಾಲದ ದಂಡಿನ ಬಾವುಟಕ್ಕೆ ಇದ್ದ ಮಾತೇ. ನಮ್ಮ ಅಲೀಪುರದ ಗೆಳತಿ ಸೀರೆಗೆ ಫಾಲ್ಸ್ ಹಾಕೋಕೆ ಬಂದಾಗ ಇದನ್ನೆಲ್ಲ ಹೇಳ್ತಿದ್ದೆ. ಕೆಳಗೆ ಇಳಿಬಿದ್ದ ಎಸಳಿಗೂ ಫಾಲ್ಸ್ ಅಂತಾರೆ ಅಂದಾಗ ಸೂಜಿ ಬಿಟ್ಟು ನಕ್ಕಳು. ಅವರ ಉರ್ದುವಿನಲ್ಲಿ ಈ ಹೂವು ಸೋಸನ್, ಆ ಬಣ್ಣದ ಬಟ್ಟೆಗೆ ಸೋಸ್ನಿ ಬಣ್ಣ ಅಂತಿದ್ರಂತೆ. ಕಾಶ್ಮೀರದಲ್ಲಿ ಗೋರಿಗಳ ಮೇಲೆ ನೆಡೋದು ಇದನ್ನೇ. ಯೆಮನ್ ಕಡೆಯ ಬಿಳಿ ಐರಿಸ್ ಒಂದು ಸ್ಪೇನಿನವರೆಗೂ ಹೋದದ್ದು ಹೀಗೆ, ಗೋರಿಯಿಂದ ಗೋರಿಗೆ, ಮುಸಲ್ಮಾನರು ಹೋದ ಕಡೆಯೆಲ್ಲ. ಬೀಜ ಕಟ್ಟದಿದ್ರೂ ಪರವಾಗಿಲ್ಲ, ಒಂದು ತುಂಡು ಗೆಡ್ಡೆ ಸಾಕು, ವಾರಗಟ್ಟಲೆ ಒಣಗಿಕೊಂಡಿದ್ರೂ ಜೀವ ಹೋಗಲ್ಲ.

ನಿಜ ಹೇಳ್ಬೇಕಂದ್ರೆ ಅದನ್ನ ಕೇಳಿದ ಮೇಲೆ ನನ್ನ ಮನಸ್ಸಲ್ಲಿ ಒಂದು ಯೋಚನೆ ಬಂತು. ಅವ್ವ ಬಾಯಿಬಿಟ್ಟು ಅಳದೇ ಹೋದ ಆ ದಿನಕ್ಕೆ, ನಮ್ಮನೆ ತೊಟ್ಟೀಲಿ ಏಪ್ರಿಲ್‌ನಲ್ಲಿ ಒಂದು ಕಪ್ಪು ಹೂ ಅರಳಲಿ ಅಂತ. ಸಮಾಧಿ ಅಲ್ಲ, ಸ್ಮಾರಕ ಅಲ್ಲ, ಒಂದು ಹೂವು ಅಷ್ಟೇ. ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ.

ನೆಟ್ಟೆ. ಇದನ್ನ ಶುಂಠಿ ಥರ ಮಣ್ಣಲ್ಲಿ ಮುಚ್ಚಬಾರದು. ಬೇರು ಕೆಳಗೆ, ಗೆಡ್ಡೆಯ ಬೆನ್ನು ಬಿಸಿಲು ಕಾಯಿಸ್ಕೊಳ್ಳೋ ಹಾಗೆ ಮೇಲೆ. ಅರ್ಧ ಮಣ್ಣು, ಅರ್ಧ ಮರಳು ಹಾಕಿದೆ. ಎಲೆ ಬಂತು, ಚೆನ್ನಾಗೇ ಬಂತು. ಮೊದಲ ಏಪ್ರಿಲ್ ಹೂವಿಲ್ಲ. ಎರಡನೇ ಏಪ್ರಿಲ್ ಹೂವಿಲ್ಲ. ನರ್ಸರಿಯೋರಿಗೆ ಫೋನ್ ಮಾಡಿದ್ರೆ ಗೊಬ್ಬರ ಹಾಕಿ ಅಂದ್ರು. ಹಾಕಿದೆ, ಅದೇ ತಪ್ಪಾಯ್ತು. ಎಲೆ ಕೊಬ್ಬಿತು, ಮೂರನೇ ವರ್ಷ ಸೆಪ್ಟೆಂಬರ್ ಮಳೆ ಹಿಡಿದಾಗ ಒಂದು ವಾರದಲ್ಲಿ ಬುಡ ಕೊಳೆತು ಲೊಳಲೊಳ ಆಯ್ತು. ಆ ನಾತ, ಅಬ್ಬಾ, ಅಮ್ಮ ಎರಡು ದಿನ ಜಗಲಿಗೆ ಬರಲಿಲ್ಲ. ಗೆಡ್ಡೆ ಮಾರೋವಾಗ ನಮ್ಮ ಊರು ಯಾವುದು ಅಂತ ಕೇಳಿದ್ರೆ ಅವರಿಗೇ ಗೊತ್ತಾಗ್ಬೇಕಿತ್ತು. ಈ ಗಿಡಕ್ಕೆ ಕೆಲವು ವಾರ ಕೈ ಮರಗಟ್ಟೋ ಚಳಿ ಬೇಕು, ಆ ಚಳಿ ತಿಂದ್ರೇ ಮೊಗ್ಗು. ನಮ್ಮ ಗೌರಿಬಿದನೂರಿನ ಚಳಿಗಾಲಕ್ಕೆ ಒಂದು ಶಾಲು ಸಾಕು. ಅದಕ್ಕೆ ಬೇಕಾದ್ದು ಒಣ ಬೇಸಿಗೆ, ನಮ್ಮಲ್ಲಿ ಅದು ಗೆಡ್ಡೆ ಬಲಿಯೋ ಹೊತ್ತಿಗೆ ಮಳೆ. ಕಾಶ್ಮೀರ, ಹಿಮಾಚಲದಲ್ಲಿ ಸಲೀಸು. ನೀವ್ಯಾರೂ ದುಡ್ಡು ಹಾಕೋಕೆ ಹೋಗ್ಬೇಡಿ.

ಹಾಗಾದ್ರೆ ಈಗ ತೊಟ್ಟೀಲಿ ಇರೋದು ಯಾವುದು ಅಂತೀರಾ? ಬೆಂಗಳೂರಲ್ಲಿ ನಾದಿನಿ ಮನೆ ಗೇಟಿನ ಪಕ್ಕ ಇದ್ದ ಗಿಡದ ಮರಿ. ಕಿತ್ತಳೆ ಬಣ್ಣದ ಆರು ಎಸಳು, ಮೇಲೆ ಚಿರತೆ ಥರ ಕೆಂಪು ಚುಕ್ಕಿ. ಅವಳು ಚಿರತೆ ಹೂವು ಅಂತಾಳೆ. ಮೂಲ ಹಿಮಾಲಯ, ಚೀನ, ಜಪಾನ್ ಕಡೆ, ಆದರೆ ನಮ್ಮ ಬಿಸಿಲು, ನಮ್ಮ ಮಳೆ ಎರಡೂ ತಡೀತದೆ. ಮೊದಲು ಇದು ಬೇರೆ ಕುಲ ಅಂತಿದ್ರು. ವಂಶವಾಹಿ ನೋಡಿ 2005ರಲ್ಲಿ ಇದೂ ಐರಿಸ್ಸೇ ಅಂತ ಸೇರಿಸ್ಕೊಂಡ್ರು. ಈಗಿನ ಹೆಸರು ಐರಿಸ್ ಡೊಮೆಸ್ಟಿಕಾ, ಅಂದ್ರೆ ಮನೆಯ ಐರಿಸ್. ಲಿನಿಯಸ್ ಅನ್ನೋ ಪಂಡಿತ 1753ರಲ್ಲಿ ಇದನ್ನ ಆರ್ಕಿಡ್ ಅಂತ ತಪ್ಪು ತಿಳಿದು 'ಮನೆಯದು' ಅಂತ ಹೆಸರಿಟ್ಟಿದ್ದ. ಕುಲ ತಪ್ಪಾದ್ರೂ ಆ ಮಾತು ಮಾತ್ರ ಇನ್ನೂರೈವತ್ತು ವರ್ಷ ಆದ್ಮೇಲೆ ವಾಪಸ್ ಬಂತು.

ಬೆಳಗ್ಗೆ ಅರಳಿದ ಹೂವು ಸಂಜೆಗೆ ಮುಗೀತು. ಬಾಡುವಾಗ ಎಸಳು ಉದುರಲ್ಲ, ಒಗೆದ ಬಟ್ಟೆ ಹಿಂಡಿದಂಗೆ ಸುರುಳಿ ಸುತ್ತಿಕೊಳ್ತದೆ. ಅಮ್ಮ ಅದನ್ನ ನೋಡಿ, "ನಾನು ಇಟ್ಟ ಹೆಸರು ಸರೀನೇ ಐತೆ" ಅಂತ ಜಂಬ ಪಡ್ತಾಳೆ. ನಾನೂ ಹಳೇ ಪ್ಲಾಸ್ಟಿಕ್ ಚೀಟಿ ಕೀಳಲಿಲ್ಲ. ಕಪ್ಪೂ ಬಾರದೆ ಹೋಗಲಿಲ್ಲ. ಹೂ ಆದ್ಮೇಲೆ ಕಾಯಿ ಕಟ್ತದೆ, ಕಾಯಿ ಒಣಗಿ ಸಿಪ್ಪೆ ಹಿಂದಕ್ಕೆ ಸುರುಳಿಯಾದಾಗ ಒಳಗೆ ಬೀಜ ಗೊಂಚಲು. ಮೆಣಸಿಗಿಂತ ಕಪ್ಪು, ಕರಿಮಣಿ ಥರ ಹೊಳಪು. ಕಾಯಿ ಬಿರಿದ್ರೂ ಬೇಗ ಉದುರಲ್ಲ. ಈ ಸಲ ಒಂದು ದಂಟನ್ನ ಹಾಗೇ ಬಿಟ್ಟಿದ್ದೆ. ಏಪ್ರಿಲ್ 25ಕ್ಕೆ ಅಮ್ಮನ ಕೈಲಿ ಕೊಟ್ಟು ಅವ್ವನ ಫೋಟೋ ಮುಂದೆ ಇಡು ಅಂದೆ. ಯಾಕೆ ಅಂತ ಕೇಳಲಿಲ್ಲ. ಇಟ್ಟಳು. ಆಮೇಲೆ ಹತ್ತು ನಿಮಿಷ ಬಿಟ್ಟು ಅಡುಗೆಮನೆಗೆ ಬಂದು, "ಅವತ್ತು ನಮ್ಮಮ್ಮ ಒಲೆ ಹಚ್ಚಿರಲಿಲ್ಲವಂತೆ, ಎರಡು ದಿನ" ಅಂದ್ಲು. ಅಷ್ಟೇ ಹೇಳಿದ್ದು. ಇಷ್ಟು ವರ್ಷದಲ್ಲಿ ಅದೊಂದು ಮಾತು.

ಬೀಜ ಒಂದು ಹಾರ್ಲಿಕ್ಸ್ ಡಬ್ಬಿ ತುಂಬ ಇದೆ. ಮಳೆ ಶುರುವಾದಾಗ ಹಾಕಿದ್ರೆ ಎರಡನೇ ವರ್ಷ ಹೂ ಬರ್ತದೆ. ಬೇಕಾದೋರು ಶುಕ್ರವಾರ ಬಿಟ್ಟು ಯಾವತ್ತಾದ್ರೂ ಬನ್ನಿ, ಶುಕ್ರವಾರ ಗೌರಿಬಿದನೂರು ಸಂತೆಗೆ ಹೋಗಿರ್ತೀನಿ. ಅಮ್ಮನ್ನ ಕೇಳಿದ್ರೂ ಕೊಡ್ತಾಳೆ, ಬಟ್ಟೆ ಗಿಡದ ಬೀಜ ಅಂತ ಕೇಳಿ.